ಟ್ಯಾಕ್ಸಿ ದುಬಾರಿ, ಲೈಬ್ರರಿ ಪುಕ್ಕಟೆ

ಫಿನ್ಲೆಂಡ್‌ನ ಹೆಲ್ಸಿಂಕಿ ದುಬಾರಿ ಊರು ಎಂಬ ಮಾತು ಸುಳ್ಳಲ್ಲ. ಆದರೆ ಆ ಒಂದೇ ಮಾತನ್ನು ನೆಚ್ಚಿಕೊಂಡು ಪ್ರವಾಸದ ಲೆಕ್ಕ ಹಾಕಲು ಬರುವುದಿಲ್ಲ. ವಿಮಾನ ನಿಲ್ದಾಣದಿಂದ ಊರ ನಡುವಿಗೆ ಟ್ಯಾಕ್ಸಿ ಹಿಡಿದರೆ ನಲವತ್ತು ಐವತ್ತು ಯೂರೋ ಆಗುತ್ತದೆ. ಅದೇ ದಾರಿಗೆ ರೈಲಿನಲ್ಲಿ ಐದು ಯೂರೋ ಕೂಡ ಬೇಡ, ಅರ್ಧ ಗಂಟೆ ಸಾಕು. ರಾತ್ರಿ ಹೋಟೆಲಿನಲ್ಲಿ ಕೂತು ಉಂಡರೆ ಒಬ್ಬರಿಗೆ ಮೂವತ್ತು ಯೂರೋ ಸುಲಭವಾಗಿ ಖರ್ಚಾಗುತ್ತದೆ. ಅದೇ ಊರಿನ ಅತಿ ಸುಂದರ ಕಟ್ಟಡವೊಂದರಲ್ಲಿ ಇಡೀ ದಿನ ಕೂತು ಓದಿದರೂ, ಹೊಲಿದರೂ, ಮಕ್ಕಳನ್ನು ಆಡಿಸಿದರೂ ಯಾರೂ ಒಂದು ಸೆಂಟ್ ಕೇಳುವುದಿಲ್ಲ. ಯೂರೋಗೆ ನೂರು ರೂಪಾಯಿ ಎಂದು ಹಿಡಿದುಕೊಳ್ಳಿ. ಈಚೆಗೆ ಅದು ನೂರನ್ನೂ ದಾಟಿದೆ. ಎಲ್ಲ ಬೆಲೆಯನ್ನೂ ನೂರರಿಂದ ಗುಣಿಸುತ್ತಾ ತಿರುಗಿದರೆ ಆ ಊರು ಬರೀ ಎದೆ ನಡುಗಿಸುತ್ತದೆ. ಯಾವುದು ಯಾಕೆ ದುಬಾರಿ ಎಂದು ಒಮ್ಮೆ ತಿಳಿದರೆ ನಮ್ಮಂಥ ಮಧ್ಯಮ ವರ್ಗದವರೂ ಅಲ್ಲಿ ನಿರಾಳವಾಗಿ ಓಡಾಡಬಹುದು.

ನಾನು ಕಂಡುಕೊಂಡ ಸೂತ್ರ ಇಷ್ಟೇ. ಇನ್ನೊಬ್ಬ ಮನುಷ್ಯ ನಿಮ್ಮೊಬ್ಬರಿಗಾಗಿ ಕೈಯಾರೆ ಮಾಡುವ ಕೆಲಸಕ್ಕೆ ಅಲ್ಲಿ ಬೆಲೆ ಜಾಸ್ತಿ. ಊರಿನವರೆಲ್ಲ ತೆರಿಗೆ ಕಟ್ಟಿ ಸೇರಿ ಮಾಡಿಕೊಂಡದ್ದು ಅಗ್ಗ, ಇಲ್ಲವೇ ಪುಕ್ಕಟೆ. ಫಿನ್ಲೆಂಡ್‌ನಲ್ಲಿ ಎಲ್ಲರಿಗೂ ಅನ್ವಯಿಸುವ ಕನಿಷ್ಠ ಕೂಲಿಯ ಕಾನೂನೇ ಇಲ್ಲ. ಒಂದೊಂದು ಉದ್ಯಮದಲ್ಲೂ ಕಾರ್ಮಿಕ ಸಂಘ ಮತ್ತು ಮಾಲೀಕರ ಸಂಘ ಕೂತು ಮಾತಾಡಿ ಸಂಬಳ ಗೊತ್ತು ಮಾಡುತ್ತವೆ. ಹಾಗಾಗಿ ತಟ್ಟೆ ತಂದಿಡುವವರಿಗೂ, ಕೂದಲು ಕತ್ತರಿಸುವವರಿಗೂ, ಟ್ಯಾಕ್ಸಿ ಓಡಿಸುವವರಿಗೂ ಗೌರವದಿಂದ ಬದುಕುವಷ್ಟು ಕೂಲಿ ಸಿಗಬೇಕು ಎಂಬ ಲೆಕ್ಕ ಬಿಲ್ಲಿನಲ್ಲೇ ಸೇರಿರುತ್ತದೆ. ಅದರ ಮೇಲೆ ತೆರಿಗೆ. 2024ರ ಸೆಪ್ಟೆಂಬರ್‌ನಿಂದ ಅಲ್ಲಿನ ಸಾಮಾನ್ಯ ಮೌಲ್ಯವರ್ಧಿತ ತೆರಿಗೆ ಶೇ 25.5. ಊಟ, ವಸತಿಗಳಿಗೆ ಇದಕ್ಕಿಂತ ಕಡಿಮೆ ದರ ಇದೆ. ಆ ತೆರಿಗೆ ಎಲ್ಲಿಗೆ ಹೋಗುತ್ತದೆ ಎಂಬುದು ಊರಲ್ಲಿ ಒಂದು ದಿನ ನಡೆದಾಡಿದರೆ ಕಣ್ಣಿಗೇ ಕಾಣುತ್ತದೆ. ಪ್ರವಾಸಿಯೂ ಆ ತೆರಿಗೆ ಕಟ್ಟುತ್ತಾನೆ. ಆದ್ದರಿಂದ ಅದರಿಂದ ಕಟ್ಟಿದ್ದನ್ನು ಸಂಕೋಚವಿಲ್ಲದೆ ಬಳಸುವ ಹಕ್ಕೂ ಅವನಿಗಿದೆ.

ನಾನು ಹೋದದ್ದು ಅಮ್ಮನ ಜೊತೆ, ಜುಲೈ ಕೊನೆಯಲ್ಲಿ. ವಿಮಾನ ಹತ್ತುವ ಮೊದಲೇ ಆಗುವ ಖರ್ಚುಗಳ ಬಗ್ಗೆ ಒಂದಿಷ್ಟು ಹೇಳಿಬಿಡುತ್ತೇನೆ. ಅಲ್ಲಿಗೆ ಬೇಕಾದ ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ 45, ಆರರೊಳಗಿನ ಮಕ್ಕಳಿಗೆ ಇಲ್ಲ. ಅರ್ಜಿ ತೆಗೆದುಕೊಳ್ಳುವ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ಸಿಗದಿದ್ದರೂ ಈ ದುಡ್ಡು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಇಲ್ಲಿ ಉಳಿತಾಯದ ಆಸೆ ಬೇಡ. ಪ್ರೀಮಿಯಂ ಇನ್ನೂ ಏರುತ್ತದೆ ಎಂದು ತಮ್ಮ ಅಪ್ಪ ಅಮ್ಮನ ಬಿಪಿ, ಸಕ್ಕರೆ ಕಾಯಿಲೆಯನ್ನು ಅರ್ಜಿಯಲ್ಲಿ ಬರೆಯದೆ ಬಿಡುವವರನ್ನು ನೋಡಿದ್ದೇನೆ. ಬರೆಯದ ಕಾಯಿಲೆಗೆ ಪರದೇಶದ ಆಸ್ಪತ್ರೆಯಲ್ಲಿ ಚಿಕಿತ್ಸೆ ಬೇಕಾದರೆ ವಿಮೆ ಕೈಬಿಡುತ್ತದೆ. ಒಂದು ರಾತ್ರಿಯ ಆಸ್ಪತ್ರೆ ಬಿಲ್ಲಿನಲ್ಲಿ ಇಡೀ ಪ್ರವಾಸದ ಉಳಿತಾಯ ಕೊಚ್ಚಿಕೊಂಡು ಹೋಗುತ್ತದೆ. ಇರುವುದನ್ನು ಇರುವ ಹಾಗೆ ಬರೆದು, ಹೆಚ್ಚಾದ ಪ್ರೀಮಿಯಂ ಕಟ್ಟಿ.

ಪ್ಯಾಕೇಜ್ ಟೂರ್ ತೆಗೆದುಕೊಂಡರೆ ಮೊದಲ ರೂಪಾಯಿಯಿಂದಲೇ ಟಿಸಿಎಸ್ (ದುಡ್ಡು ಕಟ್ಟುವಾಗಲೇ ವಸೂಲು ಮಾಡುವ ಆದಾಯ ತೆರಿಗೆ) ಹಿಡಿಯುತ್ತಾರೆ. ಟಿಕೆಟ್, ವಸತಿ, ಕರೆನ್ಸಿಯನ್ನು ನೀವೇ ನೋಡಿಕೊಂಡರೆ, 2025ರ ಏಪ್ರಿಲ್‌ನಿಂದ, ವರ್ಷಕ್ಕೆ ಹತ್ತು ಲಕ್ಷ ರೂಪಾಯಿವರೆಗೆ ವಿದೇಶಕ್ಕೆ ಕಳಿಸುವ ಹಣಕ್ಕೆ ಅದು ಇಲ್ಲ. ಹಿಡಿದ ಟಿಸಿಎಸ್ ಯಾರು ದುಡ್ಡು ಕಟ್ಟಿದರೋ ಅವರ ಪ್ಯಾನ್‌ಗೆ ಜಮೆಯಾಗುತ್ತದೆ. ತೆರಿಗೆಯ ಮಿತಿಗಿಂತ ಕಡಿಮೆ ಆದಾಯದ ಅಪ್ಪ ಅಮ್ಮನ ಹೆಸರಲ್ಲಿ ಪ್ಯಾಕೇಜ್ ದುಡ್ಡು ಕಟ್ಟಿದ್ದರೆ, ಆ ವರ್ಷ ಅವರ ಹೆಸರಲ್ಲಿ ರಿಟರ್ನ್ಸ್ ಹಾಕಿದರೆ ಮಾತ್ರ ಅದು ವಾಪಸ್ ಬರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ಮರೆತೇಬಿಡುತ್ತಾರೆ.

ಇನ್ನು ಕಾರ್ಡು. ನಮ್ಮ ಸಾಮಾನ್ಯ ಕ್ರೆಡಿಟ್ ಕಾರ್ಡುಗಳಲ್ಲಿ ವಿದೇಶಿ ಕರೆನ್ಸಿಗೆ ಶೇ 3.5 ಮಾರ್ಕಪ್ ಹಾಕುವುದು ಮಾಮೂಲು. ಆ ಮಾರ್ಕಪ್ ಮೇಲೆ ಶೇ 18 ಜಿಎಸ್‌ಟಿ ಸೇರಿ ಒಟ್ಟು ಶೇ 4.13 ಆಗುತ್ತದೆ. ಎರಡು ಲಕ್ಷ ರೂಪಾಯಿ ಉಜ್ಜಿದರೆ 8,260 ರೂಪಾಯಿ ಸುಮ್ಮನೆ ಹೋಯಿತು. ಹೆಲ್ಸಿಂಕಿಯಲ್ಲಿ ಇಬ್ಬರು ಮೂರು ದಿನ ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣುವ ದುಡ್ಡು. ಮಾರ್ಕಪ್ ಕಡಿಮೆ ಇರುವ ಅಥವಾ ಇಲ್ಲದ ಕಾರ್ಡುಗಳೂ ಇವೆ. ಹೋಗುವ ಮುನ್ನ ನಿಮ್ಮ ಕಾರ್ಡಿನ ಶುಲ್ಕದ ಪಟ್ಟಿ ತೆಗೆದು ಓದಿ. ಫಾರೆಕ್ಸ್ ಕಾರ್ಡಿಗೆ ಯೂರೋ ತುಂಬಿಸಿಕೊಂಡರೆ ಮಾರ್ಕಪ್ ತಪ್ಪುತ್ತದೆ, ಆದರೆ ತುಂಬಿಸುವ ದಿನ ಅವರು ಕೊಡುವ ದರದೊಳಗೇ ಅವರ ಲಾಭ ಅಡಗಿರುತ್ತದೆ. ಅವತ್ತಿನ ಮಾರುಕಟ್ಟೆ ದರದ ಪಕ್ಕ ಇಟ್ಟು ನೋಡಿಯೇ ಒಪ್ಪಿಕೊಳ್ಳಿ.

ಕಾರ್ಡ್ ಯಂತ್ರ ಕೆಲವೊಮ್ಮೆ ಒಂದು ಪ್ರಶ್ನೆ ಕೇಳುತ್ತದೆ: ಯೂರೋದಲ್ಲಿ ಕೊಡುತ್ತೀರೋ ರೂಪಾಯಿಯಲ್ಲೋ? ರೂಪಾಯಿ ನೋಡಿದೊಡನೆ ನಮಗೆ ಹತ್ತಿರದ್ದೆನಿಸುತ್ತದೆ, ಎಷ್ಟು ಹೋಯಿತೆಂದು ಕಣ್ಣೆದುರೇ ಗೊತ್ತಾಗುತ್ತದಲ್ಲ ಅನಿಸುತ್ತದೆ. ಆದರೆ ಆ ರೂಪಾಯಿಯ ದರ ಹಾಕುವುದು ಯಂತ್ರದ ಹಿಂದಿನ ಕಂಪನಿ, ತನಗೆ ಲಾಭವಾಗುವ ಹಾಗೆ. ಯಾವಾಗಲೂ ಯೂರೋವನ್ನೇ ಒತ್ತಿ. ಎಟಿಎಂನಲ್ಲೂ ಅಷ್ಟೇ. ಅಲ್ಲಿ ನಗದಿನ ಅಗತ್ಯ ತೀರಾ ಕಡಿಮೆ. ಮಾರುಕಟ್ಟೆಯಲ್ಲಿ ಹಣ್ಣು ಮಾರುವವರೂ ಕಾರ್ಡ್ ತೆಗೆದುಕೊಳ್ಳುತ್ತಾರೆ. ನಗದು ಕೊಟ್ಟರೆ ಮೊತ್ತವನ್ನು ಐದು ಸೆಂಟ್‌ಗೆ ಸರಿ ಮಾಡುತ್ತಾರೆ, ಒಂದು ಎರಡು ಸೆಂಟ್‌ನ ನಾಣ್ಯಗಳನ್ನು ಫಿನ್ಲೆಂಡ್ ಬಳಕೆಗೇ ತರಲಿಲ್ಲ.

ಊರೊಳಗಿನ ಓಡಾಟಕ್ಕೆ ಟ್ರಾಮ್, ಬಸ್ಸು, ಮೆಟ್ರೊ, ಲೋಕಲ್ ರೈಲು, ಹಡಗು ಎಲ್ಲಕ್ಕೂ ಒಂದೇ ಟಿಕೆಟ್, ಎಚ್‌ಎಸ್‌ಎಲ್ ಎಂಬ ಸಾರಿಗೆ ಸಂಸ್ಥೆಯದು. ಊರನ್ನು ಎ, ಬಿ, ಸಿ, ಡಿ ವಲಯಗಳಾಗಿ ಭಾಗ ಮಾಡಿದ್ದಾರೆ. ನೋಡುವ ಜಾಗಗಳೆಲ್ಲ ಹೆಚ್ಚುಕಮ್ಮಿ ಎ ಮತ್ತು ಬಿಯಲ್ಲೇ ಇವೆ. ವಿಮಾನ ನಿಲ್ದಾಣ ಮಾತ್ರ ಸಿಯಲ್ಲಿ. ಬಂದ ದಿನ, ಹೊರಡುವ ದಿನ ಎಬಿಸಿ ಟಿಕೆಟ್ ತೆಗೆದುಕೊಂಡರೆ ನಡುವಿನ ದಿನಗಳಿಗೆ ಎಬಿ ಸಾಕು. ಎಬಿ ಒಂದು ಟಿಕೆಟ್‌ಗೆ ಮೂರು ಯೂರೋ ಚಿಲ್ಲರೆ, ಎಂಬತ್ತು ನಿಮಿಷ ನಡೆಯುತ್ತದೆ. ದಿನದ ಟಿಕೆಟ್ ಸುಮಾರು ಹತ್ತು ಯೂರೋ. ದಿನಕ್ಕೆ ನಾಲ್ಕು ಸಲ ಹತ್ತಿ ಇಳಿಯುವವರಿಗೆ ದಿನದ ಟಿಕೆಟ್ಟೇ ಲಾಭ. ಏಳು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಇನ್ನೊಂದು ನಿಯಮ ನನಗೆ ತುಂಬ ಇಷ್ಟವಾಯಿತು: ಕೂಸನ್ನು ತಳ್ಳುಗಾಡಿಯಲ್ಲಿ ಕರೆದುಕೊಂಡು ಹೋಗುವ ದೊಡ್ಡವರಿಗೂ ಟಿಕೆಟ್ ಇಲ್ಲ. ಮಗುವಿನ ಜೊತೆ ಬಸ್ಸು ಹತ್ತಿದವರು ಗಾಡಿಯನ್ನು ಬಿಟ್ಟು ಟಿಕೆಟ್ ಯಂತ್ರದ ಕಡೆ ಓಡಬಾರದು ಎಂಬ ಕಾಳಜಿ ಅದು. ಟ್ರಾಮಿಗೆ ಗೇಟೂ ಇಲ್ಲ, ಕಂಡಕ್ಟರೂ ಇಲ್ಲ. ಟಿಕೆಟ್ ಇದೆ ಎಂದು ನಂಬಿ ಹತ್ತಿಸಿಕೊಳ್ಳುತ್ತಾರೆ. ಆಗಾಗ ತಪಾಸಣೆಯವರು ಬರುತ್ತಾರೆ. ದಂಡ ಹಲವು ದಿನಗಳ ಟಿಕೆಟ್‌ಗಿಂತ ಜಾಸ್ತಿ.

ಈ ಎಬಿ ಟಿಕೆಟ್‌ನಲ್ಲೇ ಸುವೊಮೆನ್‌ಲಿನ್ನಾ ಕೋಟೆಗೆ ಹೋಗಬಹುದು ಎಂಬುದು ಹೆಲ್ಸಿಂಕಿ ಪ್ರವಾಸಿಗೆ ಕೊಡುವ ಅತಿ ದೊಡ್ಡ ರಿಯಾಯಿತಿ. ಬಂದರಿನ ಮಾರುಕಟ್ಟೆ ಚೌಕದಿಂದ ಹಡಗು ಹತ್ತಿದರೆ ಕಾಲು ಗಂಟೆ. ಬೇಸಿಗೆಯಲ್ಲಿ ಪಕ್ಕದಲ್ಲೇ ಖಾಸಗಿ ದೋಣಿಗಳೂ ನಿಂತಿರುತ್ತವೆ, ಅವಕ್ಕೆ ಬೇರೆ ದುಡ್ಡು. ಎಚ್‌ಎಸ್‌ಎಲ್ ಹಡಗನ್ನೇ ಕೇಳಿ ಹತ್ತಿ. ಫಿನ್ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿದ್ದಾಗ, 1748ರಲ್ಲಿ, ರಷ್ಯಾದ ಭಯಕ್ಕೆ ಈ ದ್ವೀಪಗಳ ಮೇಲೆ ಕೋಟೆ ಕಟ್ಟಲು ಶುರು ಮಾಡಿದರು. ಮೇಲ್ವಿಚಾರಣೆ ಆಗುಸ್ಟಿನ್ ಎರೆನ್ಸ್‌ವಾರ್ಡ್ ಎಂಬ ಸೇನಾಧಿಕಾರಿಯದು. ಅಷ್ಟು ದೊಡ್ಡ ಕೆಲಸಕ್ಕೆ ಸ್ವೀಡನ್ನಿನ ಬೊಕ್ಕಸ ಸಾಲದೆ ಫ್ರಾನ್ಸ್ ಕೊಟ್ಟ ಹಣ ಅದರಲ್ಲಿ ಬಹಳಷ್ಟು ಸೇರಿತು. ದಶಕಗಟ್ಟಲೆ ಕಟ್ಟಿದ ಕೋಟೆ 1808ರಲ್ಲಿ ರಷ್ಯನ್ನರ ಮುತ್ತಿಗೆಗೆ ಶರಣಾಯಿತು. ಈಗ ಅದು ಯುನೆಸ್ಕೊ ಪಟ್ಟಿಯಲ್ಲಿದೆ, 1991ರಿಂದ. ಒಳಗೆ ಹೋಗಲು ಪ್ರವೇಶ ಶುಲ್ಕವೇ ಇಲ್ಲ, ಏಕೆಂದರೆ ಅಲ್ಲಿ ಇವತ್ತಿಗೂ ಸುಮಾರು ಎಂಟುನೂರು ಜನ ಮನೆ ಮಾಡಿಕೊಂಡಿದ್ದಾರೆ. ನಾವು ಹತ್ತಿದ ಹಡಗಿನಲ್ಲೇ ಅವರು ತರಕಾರಿ ಚೀಲ ಹಿಡಿದು ಮನೆಗೆ ಹೋಗುತ್ತಿದ್ದರು. ಕಲ್ಲಿನ ಗೋಡೆಗಳ ಮೇಲೆ ಹುಲ್ಲು ಬೆಳೆದಿದೆ, ಸುತ್ತ ಬಾಲ್ಟಿಕ್ ಸಮುದ್ರ. ಬೆಳಿಗ್ಗೆ ಹೋಗಿ, ಕಟ್ಟಿಕೊಂಡು ಹೋದ ಬುತ್ತಿ ಉಂಡು, ಸಂಜೆ ಮರಳಿದೆವು. ಅಲ್ಲಿ ನಾವು ದುಡ್ಡು ಕೊಟ್ಟದ್ದು ಒಂದಕ್ಕೇ, ಗೈಡ್ ಜೊತೆಗಿನ ನಡಿಗೆಗೆ. ಆ ಕೋಟೆಯ ಸೆರೆಮನೆ, ಹಸಿವು, ಸ್ವೀಡನ್, ರಷ್ಯಾ, ಫಿನ್ಲೆಂಡ್ ಎಂಬ ಮೂರು ಧ್ವಜಗಳ ಚರಿತ್ರೆಯನ್ನು ಹೇಳುವವರಿಲ್ಲದೆ ನೋಡಿದರೆ ಅರ್ಧವೇ ನೋಡಿದಂತೆ.

ಊಟದ ವಿಷಯದಲ್ಲಿ ಫಿನ್ಲೆಂಡ್‌ನಲ್ಲಿ ತಿಳಿದಿರಬೇಕಾದ ಪದ ಲೌನಸ್, ಅಂದರೆ ಮಧ್ಯಾಹ್ನದ ಊಟ. ಕೆಲಸದ ದಿನಗಳಲ್ಲಿ ಹನ್ನೊಂದರಿಂದ ಹೆಚ್ಚುಕಮ್ಮಿ ಎರಡು ಗಂಟೆವರೆಗೆ ಬಹಳಷ್ಟು ಹೋಟೆಲುಗಳು ಆಫೀಸಿನವರಿಗಾಗಿ ಬಫೆ ಇಡುತ್ತವೆ. ಹದಿಮೂರು ಹದಿನಾಲ್ಕು ಯೂರೋಗೆ ಸಲಾಡ್, ರೈ ಬ್ರೆಡ್, ಬೆಣ್ಣೆ, ಸೂಪು, ಬಿಸಿ ಊಟ, ಕೊನೆಗೆ ಕಾಫಿ ಕೂಡ. ಬಡಿಸುವವರಿಲ್ಲ, ನಾವೇ ಹಾಕಿಕೊಳ್ಳಬೇಕು, ಅದಕ್ಕೇ ಈ ಬೆಲೆ. ಅದೇ ಹೋಟೆಲಿನಲ್ಲಿ ರಾತ್ರಿ ಕೂತರೆ ಎರಡರಷ್ಟು. ಸಸ್ಯಾಹಾರಕ್ಕೆ ಕಸ್ವಿಸ್ ಎಂದು ಬೋರ್ಡಿನಲ್ಲಿ ಬರೆದಿರುತ್ತಾರೆ. ನಾವು ದಿನದ ದೊಡ್ಡ ಊಟವನ್ನು ಮಧ್ಯಾಹ್ನಕ್ಕೇ ಇಟ್ಟುಕೊಂಡೆವು. ರಾತ್ರಿಗೆ ಅಡುಗೆಮನೆ ಇರುವ ಬಾಡಿಗೆ ಫ್ಲ್ಯಾಟಿನಲ್ಲಿ ಅನ್ನ ಮಾಡಿಕೊಂಡು, ಸೂಪರ್‌ಮಾರ್ಕೆಟ್ಟಿನ ಮೊಸರು ಹಾಕಿಕೊಂಡು ಉಂಡೆವು. ಬೆಳಿಗ್ಗೆ ಕರೇಲಿಯಾದ ಪೀರಕ್ಕ, ರೈ ಹಿಟ್ಟಿನ ತೆಳು ಹೊದಿಕೆಯೊಳಗೆ ಅಕ್ಕಿ ಗಂಜಿ ತುಂಬಿ ಬೇಯಿಸಿದ್ದು. ಬೆಲೆಯೂ ಕಡಿಮೆ, ಅಮ್ಮನಿಗೆ ಒಗ್ಗಿತು ಕೂಡ.

ಮಾರುಕಟ್ಟೆ ಚೌಕದಲ್ಲಿ ಬೇಸಿಗೆಯಲ್ಲಿ ಹಸಿ ಬಟಾಣಿ, ಸ್ಟ್ರಾಬೆರಿ, ಬ್ಲೂಬೆರಿ ರಾಶಿ ಹಾಕಿಕೊಂಡು ಕೂತಿರುತ್ತಾರೆ. ಕಾಯನ್ನು ಅಳೆದು ಕೊಡುವುದು ತೂಕದಲ್ಲಲ್ಲ, ಲೀಟರ್ ಲೆಕ್ಕದಲ್ಲಿ. ನಮ್ಮ ಕಡೆ ಸೇರಿನಲ್ಲಿ ಅವರೆಕಾಯಿ ಅಳೆಯುತ್ತಿದ್ದ ಹಾಗೇ. ಜನ ಬಟಾಣಿಯನ್ನು ಹಸಿಯಾಗಿಯೇ ಸುಲಿದು ತಿನ್ನುತ್ತಾ ಬಂದರಿನ ಕಟ್ಟೆ ಮೇಲೆ ಕೂರುತ್ತಾರೆ. ನಾವೂ ಹಾಗೇ ಕೂತೆವು. ಬ್ಲೂಬೆರಿಗೆ ದುಡ್ಡು ಕೊಡಲೇಬೇಕೆಂದೂ ಇಲ್ಲ. ಯಾರದೇ ಕಾಡಿನಲ್ಲೂ ನಡೆಯುವ, ಕಾಡುಹಣ್ಣು, ಅಣಬೆ ಕಿತ್ತುಕೊಳ್ಳುವ ಹಕ್ಕು ಅಲ್ಲಿ ಎಲ್ಲರಿಗೂ ಇದೆ, ಪರದೇಶದಿಂದ ಬಂದವರಿಗೂ. ಮನೆಯಂಗಳ, ಬೆಳೆದ ಹೊಲ ತುಳಿಯಬಾರದು, ಅಷ್ಟೇ. ಊರ ಹೊರಗಿನ ನೂಕ್ಸಿಯೊ ರಾಷ್ಟ್ರೀಯ ಉದ್ಯಾನಕ್ಕೆ ಬಸ್ಸಿದೆ, ಪ್ರವೇಶ ಪುಕ್ಕಟೆ, ಜುಲೈ ಆಗಸ್ಟ್‌ನಲ್ಲಿ ಕಾಲ ಬಳಿಯ ಗಿಡಗಳಲ್ಲೆಲ್ಲ ನೀಲಿ ಹಣ್ಣು.

ನೀರನ್ನು ಮಾತ್ರ ಕೊಂಡು ಕುಡಿಯಬೇಡಿ. ಹೆಲ್ಸಿಂಕಿಯ ನಲ್ಲಿಯಲ್ಲಿ ಬರುವುದು ಪಾಯ್ಯಾನ್ನೆ ಸರೋವರದ ನೀರು. ಬಂಡೆಯೊಳಗೆ ಕೊರೆದ 120 ಕಿಲೋಮೀಟರ್ ಸುರಂಗದಲ್ಲಿ ಇಳಿಜಾರಿಗೆ ತಾನಾಗಿಯೇ ಹರಿದು ಬರುತ್ತದೆ. ಆ ಸುರಂಗ ಮುಗಿದದ್ದು 1982ರಲ್ಲಿ. ಅಂಗಡಿಯಲ್ಲಿ ಬಾಟಲಿ ನೀರಿಗೆ ಎರಡು ಯೂರೋ ಕೊಡುವವರು ಬಹುತೇಕ ಪ್ರವಾಸಿಗಳೇ. ಬೇರೆ ಪಾನೀಯ ಕೊಂಡರೆ ಬಿಲ್ಲಿನಲ್ಲಿ ಪಂತ್ತಿ ಎಂಬ ಠೇವಣಿ ಸೇರಿರುತ್ತದೆ: ಕ್ಯಾನ್‌ಗೆ 15 ಸೆಂಟ್, ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿಗೆ 20, ದೊಡ್ಡ ಬಾಟಲಿಗೆ 40. ಖಾಲಿಯಾದ ಮೇಲೆ ಯಾವುದೇ ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಅದನ್ನು ಕೌಂಟರಿನಲ್ಲಿ ಕೊಟ್ಟರೆ ದುಡ್ಡು. ರಸ್ತೆಯಲ್ಲಿ ಒಂದು ಬಾಟಲಿಯೂ ಬಿದ್ದಿರದ ಗುಟ್ಟು ಅದೇ.

ಈಗ ಲೈಬ್ರರಿಗೆ ಬರುತ್ತೇನೆ. ಅದರ ಹೆಸರು ಓಡಿ. ಫಿನ್ಲೆಂಡ್ ಸ್ವತಂತ್ರವಾಗಿ ನೂರು ವರ್ಷವಾದ ನೆನಪಿಗೆ ಜನರಿಗೆ ಕೊಟ್ಟ ಉಡುಗೊರೆ, 2018ರ ಡಿಸೆಂಬರ್ 5ರಂದು ತೆರೆದದ್ದು. ನಗರಪಾಲಿಕೆ ಮತ್ತು ಸರ್ಕಾರ ಸೇರಿ ಸುಮಾರು 98 ದಶಲಕ್ಷ ಯೂರೋ ಖರ್ಚು ಮಾಡಿದವು. ಕಟ್ಟಿದ ಜಾಗ ಸಂಸತ್ ಭವನದ ಎದುರಿಗೇ. ಮೂರನೇ ಮಹಡಿಯ ಬಾಲ್ಕನಿಯಲ್ಲಿ ನಿಂತರೆ ಸಂಸತ್ತಿನ ಮೆಟ್ಟಿಲು ಕಣ್ಣಿಗೆ ನೇರವಾಗಿ ಕಾಣುತ್ತದೆ. ಆ ಮಹಡಿಯಲ್ಲಿ ಲಕ್ಷದಷ್ಟು ಪುಸ್ತಕ, ಬೆಳ್ಳನೆಯ ಬೆಳಕು, ಒಳಗೇ ಬೆಳೆದ ಗಿಡಗಳು. ಎರಡನೇ ಮಹಡಿಯಲ್ಲಿ ಸಂಗೀತದ ಕೋಣೆಗಳು, ತ್ರೀಡಿ ಮುದ್ರಣ ಯಂತ್ರಗಳು, ಸಾಲಾಗಿ ಹೊಲಿಗೆ ಯಂತ್ರಗಳು. ಬಾಗಿಲಲ್ಲಿ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ.

ಅಮ್ಮ ಸಕಲೇಶಪುರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಊರವರ ರವಿಕೆ ಹೊಲಿದೇ ನಮ್ಮನ್ನು ಓದಿಸಿದವರು. ಆ ಯಂತ್ರಗಳನ್ನು ನೋಡಿ ನಿಂತುಬಿಟ್ಟರು.

"ಇದಕ್ಕೆ ಗಂಟೆಗೆ ಎಷ್ಟು ಕೇಳ್ತಾರೆ ಕಣೇ?"

"ಏನೂ ಇಲ್ಲಮ್ಮ. ಲೈಬ್ರರಿದು. ಯಾರು ಬೇಕಾದ್ರೂ ಹೊಲೀಬಹುದು."

"ನಾವೂನಾ?"

ಯಂತ್ರವನ್ನು ಮೊದಲೇ ಕಾಯ್ದಿರಿಸುವುದು ಅಲ್ಲಿನ ವಾಡಿಕೆ. ಆ ಹೊತ್ತಿಗೆ ಒಂದು ಖಾಲಿ ಇತ್ತು. ಮೇಜಿನ ಹತ್ತಿರವಿದ್ದ ಸಿಬ್ಬಂದಿ ಹುಡುಗಿ ದಾರ ತಂದುಕೊಟ್ಟು, ಸೂಜಿಗೆ ಪೋಣಿಸುವ ಕ್ರಮ ತೋರಿಸಿದಳು. ಅಮ್ಮನಿಗೆ ಅದು ಬೇಕಿರಲಿಲ್ಲ. ಕಿತ್ತುಹೋಗಿದ್ದ ನನ್ನ ಕೈಚೀಲದ ಪಟ್ಟಿಯನ್ನು ಕೂರಿಸಿ ಎರಡು ಸಲ ಹೊಲಿಗೆ ಹಾಕಿದರು. ಪಕ್ಕದಲ್ಲಿ ಒಬ್ಬ ಹುಡುಗ ಪರದೆ ಬಟ್ಟೆ ಹೊಲಿಯುತ್ತಿದ್ದ, ಅವನ ದಾರ ಪದೇ ಪದೇ ತುಂಡಾಗುತ್ತಿತ್ತು. ಅಮ್ಮ ಕೈ ಸನ್ನೆಯಲ್ಲೇ ದಾರದ ಬಿಗಿ ಸಡಿಲಿಸುವುದನ್ನು ತೋರಿಸಿದರು. ಅವನು ಎದ್ದು ನಿಂತು ಥ್ಯಾಂಕ್ಸ್ ಹೇಳಿದ. ಈ ಪ್ರವಾಸದಲ್ಲಿ ಅಮ್ಮ ಎಲ್ಲರಿಗೂ ಮತ್ತೆ ಮತ್ತೆ ಹೇಳುವುದು ಇದನ್ನೇ, ಚರ್ಚು ಅರಮನೆಗಳನ್ನಲ್ಲ. "ನಮ್ಮೂರಲ್ಲಿ ಹಿಂಗೊಂದು ಇದ್ದಿದ್ರೆ ಸಾಲ ಮಾಡಿ ಮಿಷಿನ್ ತಗೊಳ್ಳೋದು ತಪ್ತಿತ್ತು," ಎಂದರು ಅವತ್ತು ಟ್ರಾಮಿನಲ್ಲಿ. ಆ ಸಾಲ ತೀರಿಸಲು ಅವರು ಎಷ್ಟು ರಾತ್ರಿ ಕೂತಿದ್ದರೆಂದು ನನಗೆ ಗೊತ್ತು. ಸಾರ್ವಜನಿಕ ಸೌಲಭ್ಯ ಎಂದರೆ ಒಂದು ಮನೆಯ ಸಾಲ ಕಡಿಮೆಯಾಗುವುದು ಎಂದು ನಾನು ಹಣಕಾಸಿನ ಪುಸ್ತಕಗಳಲ್ಲಿ ಓದಿದ್ದೆ. ಅದನ್ನು ಅಷ್ಟು ಸ್ಪಷ್ಟವಾಗಿ ಕೇಳಿದ್ದು ಅವತ್ತೇ.

ಪುಕ್ಕಟೆ ನೋಡುವಂಥವು ಇನ್ನೂ ಇವೆ. ಸೆನೆಟ್ ಚೌಕದ ಪಕ್ಕದ ನಗರ ವಸ್ತುಸಂಗ್ರಹಾಲಯ, ಶಿಲ್ಪಿ ಐಲಾ ಹಿಲ್ಟುನೆನ್ 1967ರಲ್ಲಿ ಆರುನೂರಕ್ಕೂ ಹೆಚ್ಚು ಉಕ್ಕಿನ ಕೊಳವೆಗಳಿಂದ ಮಾಡಿದ, ಸಂಗೀತ ರಚನೆಕಾರ ಸಿಬೇಲಿಯಸ್ ಸ್ಮಾರಕ, ವಾಸ್ತುಶಿಲ್ಪಿ ಎಲಿಯೆಲ್ ಸಾರಿನೆನ್ ಕಟ್ಟಿದ ರೈಲು ನಿಲ್ದಾಣ. ದುಡ್ಡು ಕೊಟ್ಟು ನೋಡಲೇಬೇಕಾದದ್ದು ಅತೆನೆಯುಮ್ ಕಲಾಸಂಗ್ರಹಾಲಯ. ಇಪ್ಪತ್ತು ಯೂರೋ ದಾಟಿದರೂ ಗಾಲೆನ್ ಕಾಲ್ಲೆಲ, ಹೆಲೆನ್ ಷೆರ್ಫ್‌ಬೆಕ್ ಚಿತ್ರಗಳ ಮುಂದೆ ಆ ದುಡ್ಡು ನನಗೆ ಹೆಚ್ಚೆನಿಸಲಿಲ್ಲ. ಹದಿನೆಂಟರೊಳಗಿನವರಿಗೆ ಅಲ್ಲಿ ಟಿಕೆಟ್ ಇಲ್ಲ.

ಸೌನಾ, ಅಂದರೆ ಹಬೆ ಸ್ನಾನದ ಬಗ್ಗೆ ಎರಡು ಮಾತು. ಸಮುದ್ರದ ದಂಡೆಯಲ್ಲಿ 2016ರಲ್ಲಿ ತೆರೆದ ಲೊಯ್ಲ್ಯು ಎಂಬ ಮರದ ಕಟ್ಟಡದಲ್ಲಿ ಎರಡು ಗಂಟೆಗೆ ಇಪ್ಪತ್ತೈದು ಯೂರೋ ಆಸುಪಾಸು. ನಗರಪಾಲಿಕೆಯ ಈಜುಕೊಳದ ಟಿಕೆಟ್ ಅದರ ಕಾಲುಭಾಗದಷ್ಟು, ಅದರೊಳಗೇ ಸೌನಾ ಸೇರಿದೆ. ಸ್ವಯಂಸೇವಕರು ನಡೆಸುವ ಸೊಂಪಾಸೌನಾದಲ್ಲಿ ದುಡ್ಡೇ ಇಲ್ಲ. ನಾನು ಈಜುಕೊಳಕ್ಕೆ ಹೋಗಿದ್ದೆ. ಊರಿನ ಅಜ್ಜಿಯರು ಕೂತು ಮಾತಾಡುವ ಜಾಗ ಅದು, ಪ್ರವಾಸಿಗಳು ಕಡಿಮೆ.

ಯಾವಾಗ ಹೋಗಬೇಕು ಎಂಬುದೂ ದುಡ್ಡಿನ ಪ್ರಶ್ನೆಯೇ. ಜೂನ್‌ನಲ್ಲಿ ಹೆಲ್ಸಿಂಕಿಗೆ ದಿನಕ್ಕೆ ಸುಮಾರು ಹತ್ತೊಂಬತ್ತು ಗಂಟೆ ಬೆಳಕು, ಡಿಸೆಂಬರ್‌ನಲ್ಲಿ ಆರು ಗಂಟೆಯೂ ಇಲ್ಲ. ಚಳಿಗಾಲದ ವಿಮಾನ ಟಿಕೆಟ್ ಅಗ್ಗ ಎಂದು ಹೊರಟರೆ ಬೆಚ್ಚನೆಯ ಜಾಕೆಟ್, ಬೂಟುಗಳಿಗೆ ಆ ಉಳಿತಾಯ ಹೋಗುತ್ತದೆ. ಪುಕ್ಕಟೆಯ ದ್ವೀಪ, ಕಾಡು, ಮಾರುಕಟ್ಟೆಗಳಲ್ಲಿ ಕಾಲ ಕಳೆಯಲು ಬೆಳಕೂ ಸಾಲದು. ಜೂನ್ 20ರಿಂದ 26ರೊಳಗಿನ ಶನಿವಾರ ಬರುವ ಯುಹಾನ್ನುಸ್ ಹಬ್ಬದ ವಾರಾಂತ್ಯವನ್ನು ಮಾತ್ರ ತಪ್ಪಿಸಿ. ಊರಿನವರೆಲ್ಲ ಸರೋವರದ ಮನೆಗಳಿಗೆ ಹೊರಟುಬಿಡುತ್ತಾರೆ, ಬಹಳಷ್ಟು ಅಂಗಡಿ ಹೋಟೆಲುಗಳು ಬಾಗಿಲು ಹಾಕಿರುತ್ತವೆ.

ಲೆಕ್ಕಕ್ಕೆ ಬರೋಣ. ವಸತಿ ಬಿಟ್ಟು ಇಬ್ಬರಿಗೆ ಒಂದು ದಿನಕ್ಕೆ: ಟಿಕೆಟ್‌ಗೆ ಇಪ್ಪತ್ತು ಯೂರೋ, ಲೌನಸ್‌ಗೆ ಇಪ್ಪತ್ತೆಂಟು, ಬೆಳಿಗ್ಗೆ ರಾತ್ರಿಯ ದಿನಸಿಗೆ ಹದಿನೈದು, ಒಂದೊಂದು ಕಾಫಿಗೆ ಎಂಟು. ಎಪ್ಪತ್ತೊಂದು ಆಯಿತು. ದಿನ ಬಿಟ್ಟು ದಿನ ಒಂದು ಮ್ಯೂಸಿಯಂ ಅಥವಾ ಗೈಡ್ ನಡಿಗೆ ಸೇರಿಸಿದರೂ ಸರಾಸರಿ ನೂರು ಯೂರೋ ಒಳಗೇ ಇರುತ್ತದೆ. ಅದೇ ಟ್ಯಾಕ್ಸಿ, ರಾತ್ರಿಯ ಹೋಟೆಲ್ ಊಟ, ಖಾಸಗಿ ದೋಣಿ ಎಂದು ಹೊರಟರೆ ಇನ್ನೂರೈವತ್ತು ಸಾಲದು. ವಸತಿಯಲ್ಲಿ ಸೌಧದಂಥ ಹೋಟೆಲಿಗಿಂತ ಟ್ರಾಮ್ ದಾರಿಯಲ್ಲಿರುವ, ಅಡುಗೆಮನೆ ಇರುವ ಫ್ಲ್ಯಾಟ್ ಹುಡುಕಿ. ಕಲ್ಲಿಯೊ ಬಡಾವಣೆಯ ಸುತ್ತಮುತ್ತ ಸಿಗುತ್ತವೆ.

ಕೊನೆಯ ಸಂಜೆ ನಾವು ಒಳ್ಳೆಯ ಹೋಟೆಲೊಂದಕ್ಕೆ ಹೋದೆವು, ಅದಕ್ಕೆಂದೇ ದುಡ್ಡು ತೆಗೆದಿಟ್ಟಿದ್ದೆ. ಬಡಿಸಿದವರು ಯಾವುದರಲ್ಲಿ ಮೀನಿದೆ, ಯಾವುದರಲ್ಲಿ ಇಲ್ಲ ಎಂದು ಅಮ್ಮನಿಗೆ ಒಂದೊಂದನ್ನೂ ತಾಳ್ಮೆಯಿಂದ ವಿವರಿಸಿದರು, ಅಣಬೆಯ ಊಟವನ್ನು ಖಾರ ಕೇಳಿ ಮಾಡಿಸಿಕೊಟ್ಟರು. ಬಿಲ್ಲು ಎರಡು ದಿನದ ಲೌನಸ್‌ಗಿಂತ ಹೆಚ್ಚಾಯಿತು. ಟಿಪ್ಸ್ ಇಡುವ ಕಡ್ಡಾಯ ಅಲ್ಲಿಲ್ಲ, ಸಂಬಳ ಆ ಬೆಲೆಯಲ್ಲೇ ಸೇರಿದೆ. ಅಮ್ಮ ಬಿಲ್ಲನ್ನು ಕೈಗೆ ತೆಗೆದುಕೊಂಡು ಓದಿ, ಪೂರ್ತಿ ಕೊಡು, ಕೆಲಸ ಚೆನ್ನಾಗಿ ಮಾಡಿದ್ದಾರೆ ಎಂದರು. ನಾನು ಯೂರೋ ಒತ್ತಿ ಕೊಟ್ಟೆ.